ಏಳನೇ ನಂಬರಿನ ಪ್ರಿಸಂ

ಸಹಿ ಹಾಕುವುದಕ್ಕೆ ಎರಡು ಕ್ಷಣ ಸಾಕಿತ್ತು. ಇಪ್ಪತ್ನಾಲ್ಕು ವರ್ಷದ ನೌಕರಿಯಲ್ಲಿ ಅವಳು ಎಂತೆಂಥ ಕಾಗದಗಳಿಗೋ ಕಣ್ಣು ಹಾಯಿಸದೆ ಸಹಿ ಜಡಿದಿದ್ದಳು. ಹಾಜರಾತಿ, ರಜೆಚೀಟಿ, ಒಡೆದ ಲೆನ್ಸುಗಳ ಪಟ್ಟಿ, ತಾನು ಹೋಗದೇ ಇದ್ದ ಸಭೆಯ ನಡಾವಳಿ. ಇವತ್ತು ಮಾತ್ರ ಪೆನ್ನು ಕಾಗದದವರೆಗೆ ಹೋಗುವುದು, ಹಿಂದಕ್ಕೆ ಬರುವುದು. ಭೌತಶಾಸ್ತ್ರದ ಪ್ರಯೋಗಾಲಯದ ಮೂಲೆಯಲ್ಲಿ ಗಾಜಿನ ಬೀರುವಿಗೆ ಬೆನ್ನು ಹಾಕಿದ ತನ್ನ ಮೇಜಿನ ಮುಂದೆ ಅವಳು ಬೆಳಿಗ್ಗೆ ಒಂಬತ್ತೂವರೆಗೆ ಕೂತವಳು ಹನ್ನೊಂದಾದರೂ ಎದ್ದಿರಲಿಲ್ಲ. ಕಾಗದದಲ್ಲಿ ಇದ್ದದ್ದು ಇಷ್ಟು: ಕೊನೆಯ ವರ್ಷದ ವಿದ್ಯಾರ್ಥಿನಿಯೊಬ್ಬಳು ಪ್ರಾಕ್ಟಿಕಲ್ ಪರೀಕ್ಷೆಗೆ ನೋಡುವ, ಮಾತಾಡುವ ಕನ್ನಡಕ ಹಾಕಿಕೊಂಡು ಬಂದು, ಅದರಿಂದ ಉತ್ತರ ಪಡೆದು, ಪರೀಕ್ಷಾ ಅಕ್ರಮ ಎಸಗಿದ್ದಾಳೆ. ಹೊರಗಿನಿಂದ ಬಂದಿದ್ದ ಪರೀಕ್ಷಕರು ದೊಡ್ಡದಾಗಿ ಸಹಿ ಹಾಕಿದ್ದರು. ಕೆಳಗೆ ಒಳಗಿನ ಪರೀಕ್ಷಕರ ಜಾಗ, ಅಂದರೆ ಅವಳ ಜಾಗ, ಖಾಲಿ ಇತ್ತು. ಮೂರು ಗಂಟೆಗೆ ಪ್ರಿನ್ಸಿಪಾಲರ ಮುಂದೆ ಸಭೆ. ಅಷ್ಟರೊಳಗೆ ಸಹಿ ಬಿದ್ದರೆ ಹುಡುಗಿ ಎರಡು ವರ್ಷ ಯಾವ ಪರೀಕ್ಷೆಯ ಬಾಗಿಲೂ ತುಳಿಯುವ ಹಾಗಿರಲಿಲ್ಲ. ಅಯ್ಯೋ ಪಾಪ ಅನ್ನುವ ಜಾತಿಯವಳಲ್ಲ ಅವಳು. ಕಾಪಿ ಹೊಡೆದವರನ್ನು ಕಿವಿ ಹಿಡಿದು ಹೊರಗೆ ಕಳಿಸಿ ನೆಮ್ಮದಿಯಾಗಿ ಊಟ ಮಾಡಿದವಳು. ಇವತ್ತು ಕೈ ತಡೆದದ್ದು ಕರುಣೆಯಲ್ಲ, ಒಂದು ಅಂಕಿ.

ಐವತ್ತೇಳು ಡಿಗ್ರಿ ಮೂವತ್ನಾಲ್ಕು ಮಿನಿಟು. ಹುಡುಗಿ ಉತ್ತರಪತ್ರಿಕೆಯಲ್ಲಿ ಪ್ರಿಸಂನ ಕೋನ ಅಂತ ಕೇಳಿದಲ್ಲಿ ಅದನ್ನು ಬರೆದು, ಕೆಳಗೆ ಎರಡು ಗೆರೆ ಎಳೆದಿದ್ದಳು. ಪ್ರಿಸಂ ಎಂದರೆ ಮೂರು ಮೂಲೆಯ ಗಾಜಿನ ತುಂಡು, ಅದರ ಕೋನ ಅರವತ್ತು. ಪುಸ್ತಕದಲ್ಲೂ ಅರವತ್ತು, ಗೋಡೆಯ ಚಾರ್ಟಿನಲ್ಲೂ ಅರವತ್ತು. ಹೊರಗಿನ ಪರೀಕ್ಷಕರು ಎಲ್ಲ ಕಾಲೇಜುಗಳಲ್ಲೂ ನಡೆಯುವ ಪ್ರಾಕ್ಟಿಕಲ್ ಕೈಪಿಡಿಯನ್ನು ಬರೆದವರು. ಮೊನ್ನೆ ಆ ಪತ್ರಿಕೆ ಎತ್ತಿ ಹಿಡಿದು, "ನೋಡಿ ಮೇಡಂ, ಕಾಪಿ ಹೊಡೆದದ್ದು ಹೊಡೆದಳು, ಅದನ್ನೂ ನೆಟ್ಟಗೆ ಹೊಡೆಯಕ್ಕೆ ಬಂದಿಲ್ಲ" ಎಂದು ಹೊಟ್ಟೆ ಕುಲುಕಿಸಿ ನಕ್ಕಿದ್ದರು. ಅವಳೂ ನಕ್ಕಿದ್ದಳು. ನಗುತ್ತಲೇ ಅಂಕಿಯನ್ನು ಮತ್ತೊಮ್ಮೆ ಓದಿದ್ದಳು. ಆ ಅಂಕಿಯನ್ನು ಅವಳು ಮೊದಲೂ ಒಮ್ಮೆ ನೋಡಿದ್ದಳು, ಅದೂ ತನ್ನದೇ ಕೈಬರಹದಲ್ಲಿ, ಮೂವತ್ತೊಂದು ವರ್ಷದ ಹಿಂದೆ, ಇದೇ ಕೋಣೆಯಲ್ಲಿ, ಇದೇ ಏಳನೇ ನಂಬರಿನ ಪ್ರಿಸಂ ಮುಂದೆ. ಬರೆದ ಅರ್ಧ ನಿಮಿಷಕ್ಕೆ ರಬ್ಬರು ಹಾಕಿ ಅಳಿಸಿದ್ದಳು. ಕಾಗದ ತೂತಾಗುವಷ್ಟು ಉಜ್ಜಿದ್ದು ಬೆರಳಿಗೆ ಇನ್ನೂ ನೆನಪಿತ್ತು.

ಮೊದಲಿದ್ದ ಏಳನೇ ಪ್ರಿಸಂ ಒಡೆದದ್ದು ಅವಳೇ. ಪರೀಕ್ಷೆಗೆ ಆರು ದಿನ ಬಾಕಿ, ಅಭ್ಯಾಸಕ್ಕೆಂದು ಒಬ್ಬಳೇ ಬಂದವಳು ಏಳನೇ ಪ್ರಿಸಂ ಎತ್ತಿಡುವಾಗ ಕೈ ಜಾರಿತು. ಆಗಿನ ಲ್ಯಾಬಿನ ಮೇಷ್ಟ್ರು ಮಹಾ ಸಿಡುಕರು, ಒಡೆದವರನ್ನು ಪರೀಕ್ಷೆಗೇ ಕೂರಿಸುವುದಿಲ್ಲ ಎಂದು ವರ್ಷದ ಮೊದಲ ದಿನವೇ ಹೇಳಿದ್ದರು. ಚೂರುಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಅವಳು ನೆಟ್ಟಗೆ ಸೋದರಮಾವನ ಅಂಗಡಿಗೆ ಓಡಿದ್ದಳು. ಮಾವ ಕನ್ನಡಕ ಮಾಡುವವನು. ಸಂತೆ ಬೀದಿಯ ಮೂಲೆಯಲ್ಲಿ ಎರಡಾಳು ಅಗಲದ ಅಂಗಡಿ, ಹಿಂದೆ ಗಾಜು ಉಜ್ಜುವ ಚಕ್ರ, ಸದಾ ಒದ್ದೆಯಾದ ನೆಲ. ಚೂರುಗಳನ್ನು ಜೋಡಿಸಿ ನೋಡಿ ಮಾವ, "ಅಳ್ಬೇಡ ಮಹರಾಯ್ತಿ, ಗಾಜು ತಾನೆ, ನಿನ್ನ ತಲೆಯೇನೂ ಒಡೆದಿಲ್ವಲ್ಲ" ಎಂದಿದ್ದ. ದಪ್ಪ ಗಾಜಿನ ಗಟ್ಟಿಯೊಂದನ್ನು ಕೊಯ್ದು ನಾಲ್ಕು ದಿನ ಉಜ್ಜಿದ. ಅದಕ್ಕೆ ಹೊಳಪು ಬಂದಾಗ ಹಳೆಯದಕ್ಕೂ ಇದಕ್ಕೂ ಅವಳಿಗೇ ವ್ಯತ್ಯಾಸ ತಿಳಿಯಲಿಲ್ಲ. "ನೋಡು, ನಾನು ಕಣ್ಣಿಗೆ ಕನ್ನಡಕ ಮಾಡೋನು. ನಿಮ್ಮ ಕೋನಗೀನ ನಂಗೊತ್ತಿಲ್ಲ. ಅಳೆದು ನೋಡು. ಹೆಚ್ಚುಕಮ್ಮಿ ಆಗಿದ್ರೆ ಹೇಳು, ಇನ್ನೊಂದ್ಸಲ ಉಜ್ತೀನಿ." ಅವಳು ಅದನ್ನು ಲ್ಯಾಬಿಗೆ ತಂದು ಅಳೆದಳು. ಒಂದಲ್ಲ, ಮೂರು ಸಲ. ಮೂರು ಸಲವೂ ಐವತ್ತೇಳೂವರೆಯ ಆಸುಪಾಸು. ಪರೀಕ್ಷೆ ನಾಳೆ ಬೆಳಿಗ್ಗೆ. ಅಂಗಡಿಗೆ ಹೋಗಿ, "ಸರಿಯಾಗಿದೆ ಮಾವ, ಕರೆಕ್ಟಾಗಿ ಅರವತ್ತು" ಎಂದಳು. ಮಾವನ ಮುಖ ಊರಗಲವಾಯಿತು. ಆಮೇಲೆ ಹದಿನೆಂಟು ವರ್ಷ, ಕಣ್ಣು ತೋರಿಸಲು ಬಂದ ಗಿರಾಕಿಗಳಿಗೆಲ್ಲ ಅವನು ಹೇಳಿದ್ದೇ ಹೇಳಿದ್ದು: "ದೊಡ್ಡ ಕಾಲೇಜಲ್ಲಿ ನಾನು ಮಾಡಿದ ಗಾಜಿದೆ. ನಮ್ಮ ಹುಡುಗಿ ಅಳೆದಿದ್ದಾಳೆ. ಒಂದು ಕೂದಲಷ್ಟೂ ಆಚೀಚೆ ಇಲ್ಲ." ಹಾಗೆ ಹೇಳುತ್ತಲೇ ಹೋಗಿಬಿಟ್ಟ.

ಕೋನ ಅಳೆಯುವ ಕ್ರಮ ಬಹಳ ಸುಲಭ, ಸುಳ್ಳು ಹೇಳುವ ಕ್ರಮ ಅದಕ್ಕಿಂತ ಸುಲಭ. ಪ್ರಿಸಂನ ಅಂಚಿಗೆ ಬೆಳಕು ಬಿಟ್ಟರೆ ಅದು ಎರಡು ಮೈಗಳಿಂದ ಎರಡು ಕಡೆಗೆ ಚಿಮ್ಮುತ್ತದೆ. ದೂರದರ್ಶಕವನ್ನು ಎಡಕ್ಕೆ ತಿರುಗಿಸಿ ದುಂಡನೆಯ ಅಳತೆಪಟ್ಟಿಯ ಮೇಲೆ ಒಂದು ರೀಡಿಂಗ್, ಬಲಕ್ಕೆ ತಿರುಗಿಸಿ ಇನ್ನೊಂದು. ಎರಡರ ವ್ಯತ್ಯಾಸದ ಅರ್ಧವೇ ಕೋನ. ಡಿಗ್ರಿಯ ಆಚೆಗಿನ ಮಿನಿಟುಗಳನ್ನು, ಅಂದರೆ ಡಿಗ್ರಿಯ ಅರವತ್ತರಲ್ಲೊಂದು ಪಾಲುಗಳನ್ನು, ವರ್ನಿಯರ್ ಎಂಬ ಪುಟ್ಟ ಪಟ್ಟಿಯ ಮೇಲೆ ಭೂತಗನ್ನಡಿ ಹಿಡಿದು ಓದಬೇಕು. ಅದೇ ಕಷ್ಟ, ಕಣ್ಣಲ್ಲಿ ನೀರು ಬರುತ್ತದೆ. ಅದಕ್ಕೇ ಹುಡುಗರು ಒಂದು ಕಡೆ ಓದಿ, ಇನ್ನೊಂದು ಕಡೆಗೆ ಓದದೆಯೇ ನೂರಿಪ್ಪತ್ತು ಕೂಡಿಸಿ, ನಂಬಿಕೆ ಬರಲಿ ಎಂದು ಒಂದೆರಡು ಮಿನಿಟು ಆಚೀಚೆ ಮಾಡಿ ಬರೆಯುತ್ತಾರೆ. ಅವಳೂ ಅಂದು ಹಾಗೇ ಬರೆದಳು, ಪೂರ್ತಿ ಅಂಕ ಪಡೆದಳು, ವಿಶ್ವವಿದ್ಯಾಲಯಕ್ಕೆ ಎರಡನೆಯವಳಾದಳು. ಏಳು ವರ್ಷದ ಮೇಲೆ ಇದೇ ಪ್ರಯೋಗಾಲಯಕ್ಕೆ ಉಪನ್ಯಾಸಕಿಯಾಗಿ ಬಂದಾಗ ಬೀರುವಿನಲ್ಲಿ ಏಳನೇ ಪ್ರಿಸಂ ಕೂತಿತ್ತು. ಮೊದಲ ವರ್ಷ ಪೂರ್ತಿ ಅವಳಿಗೆ ಜೀವದಲ್ಲಿ ಜೀವವಿರಲಿಲ್ಲ. ಇವತ್ತು ಯಾರಾದರೂ ಬಂದು, ಮೇಡಂ ಇದರಲ್ಲಿ ಐವತ್ತೇಳು ಬರ್ತಿದೆ ಅಂದಾರು ಎಂದು ಕಾದಳು. ಯಾರೂ ಬರಲಿಲ್ಲ. ಎರಡನೇ ವರ್ಷ ಸಮಾಧಾನವಾಯಿತು. ಮೂರನೇ ವರ್ಷಕ್ಕೆ ಹುಡುಗರ ಮೇಲೆ ಒಂದು ಬಗೆಯ ತಾತ್ಸಾರ ಹುಟ್ಟಿತು. ಆಮೇಲೆ ಮರೆತಳು. ಬೆಂಚಿನಿಂದ ಬೆಂಚಿಗೆ ಹೋಗುತ್ತಾ, "ಅರವತ್ತು ಬಂತಾ? ಅರವತ್ತು ಬಂತಾ?" ಎಂದು ಕೇಳುತ್ತಿದ್ದಳು, ಅವರು "ಬಂತು ಮೇಡಂ" ಎನ್ನುತ್ತಿದ್ದರು. ಅವಳ ಬೆನ್ನ ಹಿಂದೆ ಅವಳ ಹೆಸರೇ ಅರವತ್ತು ಮೇಡಂ. ಅದು ಅವಳಿಗೂ ಗೊತ್ತಿತ್ತು. ಒಳ್ಳೇ ಹೆಸರು ಎಂದುಕೊಂಡಿದ್ದಳು.

"ಒಳಗೆ ಬರಲಾ ಮೇಡಂ?"

ಬಾಗಿಲಲ್ಲಿ ಆ ಹುಡುಗಿಯೇ ನಿಂತಿದ್ದಳು, ಕಣ್ಣು ಕಿರಿದು ಮಾಡಿಕೊಂಡು, ಕೈಯಲ್ಲಿ ಫೋನು ಹಿಡಿದುಕೊಂಡು. ಒಳಗೆ ಬರುವಾಗ ಸ್ಟೂಲಿಗೆ ಎಡವಿದಳು. ಮೂರು ವರ್ಷ ಕಂಡ ಮುಖ, ಆದರೂ ಅದನ್ನು ಇಷ್ಟು ಹತ್ತಿರದಿಂದ ನೋಡಿದ್ದು ಇವತ್ತೇ ಅನ್ನಿಸಿ ಅವಳಿಗೆ ಕಸಿವಿಸಿಯಾಯಿತು. ಕಸಿವಿಸಿಯಾದಾಗ ಅವಳ ದನಿ ಗಡುಸಾಗುತ್ತದೆ.

"ಏನು?"

"ನನ್ನ ಕನ್ನಡಕ ಕೊಡ್ತೀರಾ ಮೇಡಂ? ಅದಿಲ್ದೆ ಬಸ್ಸಿನ ಬೋರ್ಡು ಕಾಣ್ತಿಲ್ಲ. ನಿನ್ನೆ ತಪ್ಪು ಬಸ್ ಹತ್ತಿ ಎಲ್ಲೆಲ್ಲೋ ಹೋಗ್ಬಿಟ್ಟೆ."

ಕನ್ನಡಕ ಮೇಜಿನ ಡ್ರಾಯರಿನಲ್ಲಿತ್ತು, ಮೊಹರು ಹಾಕಿದ ಲಕೋಟೆಯಲ್ಲಿ. "ಪರೀಕ್ಷೆಗೆ ಅದನ್ನ ಯಾಕೆ ಹಾಕ್ಕೊಂಡು ಬಂದೆ?"

"ಇರೋದು ಅದೊಂದೇ. ಅಕ್ಕ ಕೊಡ್ಸಿದ್ದು. ಅಂಗಡಿಯಲ್ಲಿ ಈಗ ಎಲ್ಲಾ ಹೀಗೇ ಬರೋದು ಮೇಡಂ, ನೋಡತ್ತೆ, ಮಾತಾಡತ್ತೆ."

"ಬರೀ ಹಾಕ್ಕೊಂಡಿದ್ರೆ ಯಾರೂ ಕೇಳ್ತಿರ್ಲಿಲ್ಲ. ಅದರ ಕೈಲಿ ರೀಡಿಂಗ್ ಓದ್ಸಿದೆ ತಾನೆ?"

"ಓದ್ಸಿದೆ." ಹುಡುಗಿ ತಲೆ ತಗ್ಗಿಸಲಿಲ್ಲ. "ನನಗೆ ವರ್ನಿಯರ್ ಓದಕ್ಕೆ ಬರಲ್ಲ ಮೇಡಂ."

"ಮೂರು ವರ್ಷ ಏನ್ ಕಡಿದು ಕಟ್ಟೆ ಹಾಕಿದೆ ಹಾಗಾದ್ರೆ?"

"ಯಾರಿಗೂ ಬರಲ್ಲ ಮೇಡಂ. ಒಂದು ಕಡೆ ಅಂದಾಜಿಗೆ ಬರ್ಕೋತಾರೆ, ಇನ್ನೊಂದು ಕಡೆಗೆ ನೂರಿಪ್ಪತ್ತು ಕೂಡಿಸ್ತಾರೆ. ನೀವು ಬಂದು 'ಅರವತ್ತು ಬಂತಾ' ಅಂತೀರಿ. ಬಂತು ಅಂದ್ರೆ ಮುಂದಕ್ಕೆ ಹೋಗ್ತೀರಿ."

ಯಾರೋ ಕೆನ್ನೆಗೆ ಬಾರಿಸಿದ ಹಾಗಾಯಿತು. ಏನು ಸೊಕ್ಕು ಇವಳಿಗೆ ಎಂದುಕೊಂಡಳು. ಆದರೆ ಹೇಳಿದ್ದು ಅಕ್ಷರಶಃ ನಿಜವಾಗಿತ್ತು, ಅದನ್ನು ಹೇಳಿದ ದನಿಯಲ್ಲಿ ದೂರೂ ಇರಲಿಲ್ಲ. ಲ್ಯಾಬಿನಲ್ಲಿ ಕಿಟಕಿ ಎಷ್ಟಿವೆ ಎಂದು ಕೇಳಿದರೆ ಎಣಿಸಿ ಹೇಳುವವರ ಹಾಗೆ ಹೇಳಿದ್ದಳು. ಹುಡುಗಿ ಫೋನು ಮುಂದೆ ಹಿಡಿದಳು. "ಕನ್ನಡಕ ಮಾತಾಡಿದ್ದೆಲ್ಲ ಇದರಲ್ಲಿ ಉಳಿದಿದೆ. ಬೇಕಾದ್ರೆ ಕೇಳಿ." ಒಂದು ನಯವಾದ ಹೆಣ್ಣುದನಿ, ಬ್ಯಾಂಕಿನವರು ಫೋನು ಮಾಡಿದಂಥದ್ದು: "ಮೊದಲ ರೀಡಿಂಗ್ ಇನ್ನೂರ ಹದಿನೇಳು ಡಿಗ್ರಿ ನಲವತ್ತೆರಡು ಮಿನಿಟು. ಎರಡನೆಯದು ಮುನ್ನೂರ ಮೂವತ್ತೆರಡು ಡಿಗ್ರಿ ಐವತ್ತು ಮಿನಿಟು. ಕೋನ ಐವತ್ತೇಳು ಡಿಗ್ರಿ ಮೂವತ್ನಾಲ್ಕು ಮಿನಿಟು. ಇಂಥ ಪ್ರಿಸಂಗಳು ಸಾಮಾನ್ಯವಾಗಿ ಅರವತ್ತು ಡಿಗ್ರಿ ಇರುತ್ತವೆ. ಅರವತ್ತಕ್ಕೆ ಹೊಂದುವಂತೆ ರೀಡಿಂಗ್ ತಿದ್ದಲೇ?" ಅಯ್ಯೋ ಶಿವನೇ, ಇದಕ್ಕೂ ಕಲಿಸಿಟ್ಟಿದ್ದೇವೆ ಎಂದು ಅವಳಿಗೆ ನಗು ಒತ್ತಿಕೊಂಡು ಬಂತು. ನಮ್ಮ ಕೈಪಿಡಿಗಳನ್ನು, ನಮ್ಮ ರೆಕಾರ್ಡ್ ಪುಸ್ತಕಗಳನ್ನು ಓದಿ ಓದಿ ಅದೂ ನಮ್ಮ ಶಿಷ್ಯನೇ ಆಗಿದೆ. ಅಷ್ಟರಲ್ಲಿ ಫೋನಿನಿಂದ ಹುಡುಗಿಯ ಪಿಸುದನಿ ಕೇಳಿತು, ಹೆದರಿದ ದನಿ: "ಬೇಡ. ಇರೋದನ್ನ ಹೇಳು. ಇನ್ನೊಂದ್ಸಲ ಓದು."

"ಯಾಕೆ ಬೇಡ ಅಂದೆ?"

"ಮೂರು ಸಲ ನೋಡಿದೆ ಮೇಡಂ. ಮೂರು ಸಲಾನೂ ಅದೇ ಬಂತು. ಬಂದದ್ದನ್ನ ಹೇಗೆ ಇಲ್ಲ ಅನ್ನೋದು?"

ಮೂರು ಸಲ. ಮಾವನ ಅಂಗಡಿಯ ಒದ್ದೆ ನೆಲದ ವಾಸನೆ ಮೂಗಿಗೆ ಬಡಿಯಿತು, ಉಜ್ಜಿ ಉಜ್ಜಿ ಬೆಳ್ಳಗಾದ ಅವನ ಬೆರಳ ತುದಿಗಳು ಕಂಡವು. ಹೆಚ್ಚುಕಮ್ಮಿ ಆಗಿದ್ರೆ ಹೇಳು ಅಂದಿದ್ದ. ಹೇಳಿದ್ದರೆ ಖಂಡಿತ ಇನ್ನೊಂದು ಸಲ ಉಜ್ಜುತ್ತಿದ್ದ, ರಾತ್ರಿಯೆಲ್ಲ ಕೂತು ಉಜ್ಜುತ್ತಿದ್ದ, ಅಂಥವನು. ಅವನಿಗೆ ಸರಿ ಮಾಡಲು ಅವಕಾಶವನ್ನೇ ಕೊಡದೆ ಬರೀ ಹೆಮ್ಮೆಯೊಂದನ್ನು ಕೊಟ್ಟು ಕಳಿಸಿದ್ದಳು. ಆದರೆ ಅದೇ ಹೊತ್ತಿಗೆ, ಅವಳೇ ಬೆರಗಾಗುವಂತೆ, ಬೆಳಿಗ್ಗೆಯಿಂದ ಹಿಂದೆ ಮುಂದೆ ಮಾಡುತ್ತಿದ್ದ ಕೈಗೆ ಏನು ಮಾಡಬೇಕೆಂದು ತಿಳಿದುಬಿಟ್ಟಿತು. ಎದ್ದಳು, ಬೀರುವಿನ ಬಾಗಿಲು ತೆಗೆದಳು.

"ಬಾ ಇಲ್ಲಿ. ಸ್ಟೂಲು ಎಳ್ಕೋ. ವರ್ನಿಯರ್ ಓದೋದು ಬ್ರಹ್ಮವಿದ್ಯೆ ಏನಲ್ಲ, ಇಪ್ಪತ್ತು ನಿಮಿಷ ಸಾಕು. ಕನ್ನಡಕ ಆಮೇಲೆ ಕೊಡ್ತೀನಿ, ಈಗ ಈ ಭೂತಗನ್ನಡಿ ಹಿಡ್ಕೋ."

ಇಪ್ಪತ್ತು ನಿಮಿಷ ಸಾಲಲಿಲ್ಲ, ಒಂದು ಗಂಟೆ ಹಿಡಿಯಿತು. ಇಪ್ಪತ್ನಾಲ್ಕು ವರ್ಷ ಹಲಗೆಯ ಮೇಲೆ ಚಿತ್ರ ಬರೆದು ತೋರಿಸಿದ್ದನ್ನು ಒಬ್ಬರ ಕಣ್ಣಿಗೆ, ಒಬ್ಬರ ಬೆರಳಿಗೆ ಕಲಿಸುವುದು ಬೇರೆಯೇ ಕೆಲಸ ಎಂದು ಅವಳಿಗೆ ತಿಳಿದದ್ದೂ ಆಗಲೇ. ಮೇಲಿನ ಗೆರೆ ಕೆಳಗಿನ ಗೆರೆಗೆ ಎಲ್ಲಿ ಕೂಡುತ್ತದೆ ಎಂದು ಹುಡುಗಿ ಹುಡುಕುತ್ತಿದ್ದಳು, ತಪ್ಪುತ್ತಿದ್ದಳು, "ಇದಾ ಮೇಡಂ? ಇದಾ?" ಎನ್ನುತ್ತಿದ್ದಳು. "ನನ್ನ ಮುಖ ನೋಡ್ಬೇಡ, ಗೆರೆ ನೋಡು" ಎಂದು ಅವಳು ಗದರುತ್ತಿದ್ದಳು. ಆಮೇಲೆ ಒಂದು ಸಲ ಹುಡುಗಿ ಏನೂ ಕೇಳಲಿಲ್ಲ. ಭೂತಗನ್ನಡಿಯ ಹಿಂದೆ ಅವಳ ಕಣ್ಣು ದೊಡ್ಡದಾಯಿತು. "ಕೂಡ್ತು. ಹದಿನಾರನೇ ಗೆರೆ. ಅಮ್ಮಾ, ಎಷ್ಟು ಸ್ಪಷ್ಟವಾಗಿದೆ!" ಮೇಡಂ ಅನ್ನುವ ಬದಲು ಅಮ್ಮಾ ಎಂದದ್ದು ಹುಡುಗಿಗೆ ಗೊತ್ತಾಗಲಿಲ್ಲ. ಅವಳೂ ತಿದ್ದಲಿಲ್ಲ.

ಮೂರು ಗಂಟೆಗೆ ಪ್ರಿನ್ಸಿಪಾಲರು ಕೋಣೆಗೆ ಕರೆದರೆ, "ಸಭೆ ಲ್ಯಾಬಿನಲ್ಲೇ ಆಗಲಿ ಸರ್, ಸಾಕ್ಷಿ ಇಲ್ಲಿದೆ" ಎಂದು ಹೇಳಿ ಕಳಿಸಿದಳು. ಪ್ರಿನ್ಸಿಪಾಲರು ಇತಿಹಾಸದವರು, ಹಳದಿ ಬೆಳಕಿನ ದೀಪ ಕಂಡು, ಮುಟ್ಟಿದರೆ ಶಾಕ್ ಹೊಡೆದೀತೇನೋ ಎನ್ನುವಂತೆ ದೂರ ಕೂತರು. ಹೊರಗಿನ ಪರೀಕ್ಷಕರು ಕರವಸ್ತ್ರದಿಂದ ಸ್ಟೂಲು ಒರೆಸಿ ಕೂತು, "ಸಹಿ ಒಂದಾದ್ರೆ ಮುಗೀತಲ್ಲ ಮೇಡಂ, ಇದೆಲ್ಲ ಯಾಕೆ?" ಎಂದರು. ಹುಡುಗಿ ಗೋಡೆಗೆ ಒತ್ತಿಕೊಂಡು ನಿಂತಿದ್ದಳು. ಅವಳು ಹುಡುಗಿಯನ್ನು ಕರೆಯದೆ ತಾನೇ ಏಳನೇ ಪ್ರಿಸಂ ತಂದು ಕೋನ ಅಳೆಯುವ ಸ್ಪೆಕ್ಟ್ರೋಮೀಟರಿನ ಮೇಲೆ ಕೂರಿಸಿದಳು.

"ನೀವೇ ಒಂದ್ಸಲ ಅಳೀರಿ ಸರ್. ಪ್ರಿನ್ಸಿಪಾಲರು ಬರ್ಕೋತಾರೆ."

"ನನ್ನ ಕೈಲಿ ಪರೀಕ್ಷೆ ಬರೆಸ್ತೀರಾ?" ಎಂದು ಪರೀಕ್ಷಕರು ನಕ್ಕು, ದೂರದರ್ಶಕ ತಿರುಗಿಸಿ, ಭೂತಗನ್ನಡಿ ಹಿಡಿದು ಸಾವಧಾನವಾಗಿ ಓದಿದರು. "ನೂರ ಎರಡು ಡಿಗ್ರಿ ಹತ್ತು ಮಿನಿಟು." ಪ್ರಿನ್ಸಿಪಾಲರು ದೂರಿನ ಕಾಗದದ ಹಿಂಬದಿಯಲ್ಲೇ ಬರೆದುಕೊಂಡರು. ಪರೀಕ್ಷಕರು ದೂರದರ್ಶಕವನ್ನು ಇನ್ನೊಂದು ಬದಿಗೆ ಸುತ್ತಿಸಿ ಬೆಳಕು ಹಿಡಿದರು. ಭೂತಗನ್ನಡಿ ಮೇಜಿನ ಮೇಲೆಯೇ ಇತ್ತು. ಅಳತೆಪಟ್ಟಿಯ ಕಡೆ ಹೀಗೊಮ್ಮೆ ನೋಡಿ, "ಇನ್ನೂರ ಇಪ್ಪತ್ತೆರಡು, ಹತ್ತು... ಹನ್ನೊಂದು ಅಂತ ಬರ್ಕೊಳ್ಳಿ" ಎಂದರು.

ನೂರಿಪ್ಪತ್ತು ಕೂಡಿಸಿದ್ದರು. ಒಂದು ಮಿನಿಟು ಆಚೀಚೆ ಮಾಡಿದ್ದರು. ಮೋಸ ಮಾಡುತ್ತಿದ್ದೇನೆಂದು ಆ ಮನುಷ್ಯನಿಗೆ ಗೊತ್ತೇ ಇರಲಿಲ್ಲ. ನಲವತ್ತು ವರ್ಷದಿಂದ ಕೈಗೆ ಅಂಟಿದ ಅಭ್ಯಾಸ ಅದು, ಬೆವರು ಒರೆಸಿಕೊಂಡಷ್ಟು ಸಹಜ. ಅವಳಿಗೆ ನಗು ಬರಲಿಲ್ಲ, ತನ್ನನ್ನೇ ಕನ್ನಡಿಯಲ್ಲಿ ಕಂಡಂತಾಗಿ ನಾಚಿಕೆಯಾಯಿತು. ಭೂತಗನ್ನಡಿ ಎತ್ತಿ ಅವರ ಕೈಗೆ ಕೊಟ್ಟಳು.

"ಇರೋದನ್ನ ಹೇಳಿ ಸರ್."

ಗೋಡೆಯ ಬಳಿ ಹುಡುಗಿ ತಲೆಯೆತ್ತಿದಳು. ಪರೀಕ್ಷಕರ ಮುಖ ಕೆಂಪಾಯಿತು. ಬಗ್ಗಿದರು. ಬಗ್ಗಿದವರು ಬಹಳ ಹೊತ್ತು ಏಳಲಿಲ್ಲ. ಬೆಳಕಿಗೆ ಭೂತಗನ್ನಡಿ ಹತ್ತಿರ ಹಿಡಿದರು, ದೂರ ಹಿಡಿದರು, ಅಳತೆಪಟ್ಟಿಯ ಎದುರು ಬದಿಯಲ್ಲಿದ್ದ ಎರಡನೇ ವರ್ನಿಯರ್ ಕಡೆಗೆ ಸುತ್ತಿ ಬಂದು ಅಲ್ಲೂ ಓದಿದರು. "ಇನ್ನೂರ ಹದಿನೇಳು," ಎಂದರು ಕೊನೆಗೆ, ದನಿ ಸಣ್ಣದಾಗಿತ್ತು, "ಹದಿನಾರು ಮಿನಿಟು." ಪ್ರಿನ್ಸಿಪಾಲರು ನಾಲಿಗೆ ಕಚ್ಚಿಕೊಂಡು ಕಳೆದರು, ಅರ್ಧ ಮಾಡಿದರು. "ಐವತ್ತೇಳು ಮೂವತ್ಮೂರು. ಹುಡುಗಿಯದೂ ಹೆಚ್ಚುಕಮ್ಮಿ ಇದೇ ತಾನೆ? ಮತ್ತೆ ಅರವತ್ತು ಅಂದ್ರಲ್ಲ? ಉಳಿದ ಹುಡುಗರಿಗೆ ಹೇಗೆ ಅರವತ್ತು ಬಂತು?"

ಆಗ ಅವಳು ಹೇಳಿದಳು. ನಿಂತುಕೊಂಡೇ, ಒಡೆದದ್ದರಿಂದ ಹಿಡಿದು, ಕರವಸ್ತ್ರ, ಮಾವ, ಮೂರು ಸಲದ ಅಳತೆ, ರಬ್ಬರು, ಎಲ್ಲವನ್ನೂ. ಹೇಳುವಾಗ ಅಳು ಬರುತ್ತದೆ ಎಂದುಕೊಂಡಿದ್ದಳು, ಬರಲಿಲ್ಲ. ಬೆನ್ನು ನೆಟ್ಟಗಾಗುತ್ತಾ ಹೋಯಿತು. "ಇಪ್ಪತ್ನಾಲ್ಕು ವರ್ಷದಲ್ಲಿ ಈ ಬೆಂಚಿನಲ್ಲಿ ಕೂತವರು ಇನ್ನೂರಾದ್ರೂ ಇದಾರೆ. ಎಲ್ಲರೂ ಅರವತ್ತು ಬರೆದ್ರು, ಎಲ್ಲರಿಗೂ ನಾನೇ ಅಂಕ ಕೊಟ್ಟೆ. ಒಬ್ಬಳು ಮಾತ್ರ ಇರೋದನ್ನ ಬರೆದಳು. ಅದಕ್ಕೆ ನಾನು ಸಹಿ ಹಾಕಿ ಹೊರಗೆ ಕಳಿಸ್ಬೇಕು ಅಂತೀರಿ. ಹಾಕಲ್ಲ ಸರ್."

"ಆದ್ರೂ ಕನ್ನಡಕ..." ಎಂದರು ಪ್ರಿನ್ಸಿಪಾಲರು. "ನಿಯಮ ಅಂತ ಒಂದಿದೆಯಲ್ಲ ಮೇಡಂ."

"ಇದೆ. ಇನ್ನೊಬ್ಬರ ಕಣ್ಣಲ್ಲಿ ಓದಿದ್ದು ತಪ್ಪೇ. ಅವಳಿಗೆ ಓದಕ್ಕೆ ಕಲಿಸದೇ ಇದ್ದದ್ದು ನನ್ನ ತಪ್ಪು. ಪ್ರಾಕ್ಟಿಕಲ್ ಇನ್ನೊಂದ್ಸಲ ಮಾಡ್ಸಿ, ಕನ್ನಡಕ ಇಲ್ದೆ. ನನ್ನದೇನಿದೆಯೋ ಅದನ್ನ ನಾನು ಬರೆದು ಕೊಡ್ತೀನಿ, ನೀವು ಯಾರಿಗೆ ಬೇಕಾದ್ರೂ ಕಳಿಸಿ."

ಪರೀಕ್ಷಕರು ಭೂತಗನ್ನಡಿಯನ್ನು ಕರವಸ್ತ್ರದಲ್ಲಿ ಒರೆಸುತ್ತಲೇ ಇದ್ದರು. ಒರೆಸಿ ಕೆಳಗಿಟ್ಟು, ದೂರಿನ ಕಾಗದದಲ್ಲಿದ್ದ ತಮ್ಮ ದೊಡ್ಡ ಸಹಿಯ ಮೇಲೆ ಒಂದು ಗೆರೆ ಎಳೆದರು. ಬಾಗಿಲ ಹತ್ತಿರ ಹೋದವರು ತಿರುಗಿ, "ನನ್ನ ಕೈಪಿಡಿಯಲ್ಲಿ ಮಾದರಿ ರೀಡಿಂಗ್ ಇದೆಯಲ್ಲ ಮೇಡಂ, ಅದನ್ನೂ ನಾನು ಅಳೆದು ಬರೆದದ್ದಲ್ಲ" ಎಂದು ಹೇಳಿ ಹೋದರು.

ಅವಳು ಬರೆದುಕೊಟ್ಟಳು. ಸ್ಟಾಫ್ ರೂಮಿನಲ್ಲಿ ನಾಲ್ಕು ದಿನ ಅವಳು ಒಳಗೆ ಬಂದರೆ ಮಾತು ನಿಲ್ಲುತ್ತಿತ್ತು, ಒಬ್ಬರು, "ಏನ್ ಮೇಡಂ, ಈಗ ಐವತ್ತೇಳಾ?" ಎಂದು ಕಿಚಾಯಿಸಿದರು. "ಐವತ್ತೇಳು ಮೂವತ್ನಾಲ್ಕು, ಮಿನಿಟು ಬಿಡ್ಬೇಡಿ" ಎಂದು ಅವಳು ತಿರುಗಿಸಿ ಕೊಟ್ಟಳು. ಚುಚ್ಚಿತ್ತು, ನಿಜ, ಆದರೆ ಊಟ ಸೇರಿತು, ನಿದ್ದೆ ಬಂತು. ಮೇಲಿನಿಂದ ಇನ್ನೂ ಏನೂ ಉತ್ತರ ಬಂದಿರಲಿಲ್ಲ. ಬಂದಾಗ ನೋಡಿಕೊಳ್ಳೋಣ ಎಂದುಕೊಂಡಳು. ಐದನೇ ದಿನ ಹುಡುಗಿ ಕನ್ನಡಕವಿಲ್ಲದೆ, ಭೂತಗನ್ನಡಿ ಹಿಡಿದು, ಬೇರೆ ಪರೀಕ್ಷಕರ ಎದುರು ಮತ್ತೆ ಅದೇ ಪ್ರಿಸಂ ಅಳೆದಳು. ಎರಡು ರೀಡಿಂಗಿಗೆ ನಲವತ್ತು ನಿಮಿಷ ತೆಗೆದುಕೊಂಡಳು. ಉತ್ತರ ಐವತ್ತೇಳು ಮೂವತ್ತೊಂದು ಬಂತು. ಯಂತ್ರಕ್ಕಿಂತ ಮೂರು ಮಿನಿಟು ಕಡಿಮೆ. ಆ ಮೂರು ಮಿನಿಟಿನ ತಪ್ಪು ಹುಡುಗಿಯ ಸ್ವಂತದ್ದು ಎಂದು ಅವಳಿಗೆ ಹಿಡಿಸಲಾರದಷ್ಟು ಸಂತೋಷವಾಯಿತು. ಲಕೋಟೆಯ ಮೊಹರು ಒಡೆದು ಕನ್ನಡಕ ಕೊಟ್ಟಳು. ಆಮೇಲೆ ಉಪಕರಣಗಳ ದಪ್ಪ ಪುಸ್ತಕ ತೆಗೆದು, ಪ್ರಿಸಂ ಏಳು ಎಂದಿದ್ದಲ್ಲಿ, ಷರಾ ಅಂಕಣದಲ್ಲಿ, ಮೂವತ್ತೊಂದು ವರ್ಷದ ಹಿಂದಿನ ತಾರೀಖು ಹಾಕಿ ಬರೆದಳು: ಮೊದಲಿನದು ನನ್ನ ಕೈಯಲ್ಲಿ ಒಡೆಯಿತು. ಇದು ನನ್ನ ಮಾವ ಕೈಯಾರೆ ಉಜ್ಜಿ ಮಾಡಿದ್ದು. ಕೋನ ಐವತ್ತೇಳೂವರೆ. ಅವನಿಗೆ ಅರವತ್ತು ಎಂದು ಹೇಳಿದ್ದು ಸುಳ್ಳು.

ಮುಂದಿನ ಸೋಮವಾರ ಎರಡನೇ ವರ್ಷದವರ ಲ್ಯಾಬು. ಮೂವತ್ತು ಜನರಲ್ಲಿ ಹನ್ನೊಂದು ಜನರ ಮೂಗಿನ ಮೇಲೆ ಅಂಥದೇ ಕನ್ನಡಕ. ಕೆಲವರು ಅವಳು ಬಂದದ್ದು ಕಂಡು ಕಳಚಿ ಜೇಬಿಗೆ ಹಾಕಿಕೊಳ್ಳತೊಡಗಿದರು. "ಇರ್ಲಿ, ಇಲ್ಲಿ ಹಾಕ್ಕೊಳ್ಳಿ, ಪರೀಕ್ಷೆಗೆ ಮಾತ್ರ ತೆಗೆದಿಡಿ" ಎಂದಳು. "ಆದ್ರೆ ರೆಕಾರ್ಡಿನಲ್ಲಿ ಇನ್ನು ಮುಂದೆ ಎರಡು ಅಂಕಣ. ಮೊದಲು ನಿಮ್ಮ ಕಣ್ಣು ಓದಿದ್ದು, ಪೆನ್ನಿನಲ್ಲಿ. ಆಮೇಲೆ ಅದು ಓದಿದ್ದು. ಎರಡೂ ಬೇರೆ ಬಂದ್ರೆ ಯಾರು ಸರಿ ಅಂತ ಮೂರನೇ ಸಲ ಅಳೀರಿ. ಅಂಕ ಅದಕ್ಕೆ." ಒಬ್ಬ, "ಎರಡೂ ಒಂದೇ ಬಂದ್ರೆ ಮೇಡಂ?" ಎಂದ. "ಆಗ ನನಗೆ ಅನುಮಾನ ಬರತ್ತೆ" ಎಂದಳು, ಎಲ್ಲರೂ ನಕ್ಕರು. ದೀಪಗಳು ಹತ್ತಿದವು, ಹಳದಿ ಬೆಳಕು ಮುಖಗಳ ಮೇಲೆ ಬಿತ್ತು. ಅವಳು ಎಂದಿನಂತೆ ಕೈ ಹಿಂದೆ ಕಟ್ಟಿಕೊಂಡು ಬೆಂಚುಗಳ ನಡುವೆ ಹೊರಟಳು. ಮೊದಲ ಬೆಂಚಿನ ಹತ್ತಿರ ನಿಂತಾಗ ಅಭ್ಯಾಸದ ಬಲದಿಂದ ಬಾಯಿ ತೆರೆಯಿತು, ಅ ಎನ್ನುವಷ್ಟರಲ್ಲಿ ತಡೆದಳು.

"ಎಷ್ಟು ಬಂತು?" ಎಂದು ಕೇಳಿದಳು.

ಬೆಂಚಿನಲ್ಲಿದ್ದ ಇಬ್ಬರೂ ಅವಳ ಮುಖ ನೋಡಿದರು. ಬರೆದಿಟ್ಟುಕೊಂಡದ್ದನ್ನು ನೋಡಿದರು. ಅವಳು ಕಾದಳು, ಅವಳಿಗೆ ಯಾವ ಅವಸರವೂ ಇರಲಿಲ್ಲ. ಆಮೇಲೆ ಆ ಇಬ್ಬರಲ್ಲೊಬ್ಬ, "ಒಂದು ನಿಮಿಷ ಮೇಡಂ, ನೋಡಿ ಹೇಳ್ತೀವಿ" ಎಂದು ಭೂತಗನ್ನಡಿ ಎತ್ತಿಕೊಂಡು ಅಳತೆಪಟ್ಟಿಯ ಮೇಲೆ ಬಗ್ಗಿದ.